ನಾಲಿಗೆಗೆ ನಿಲುಕದ ನೀರಿನ ದೋಷ

ನೀರು ಸಿಹಿಯೋ, ಸಪ್ಪೆಯೋ, ಉಪ್ಪೋ ಎಂಬುದನ್ನು ನಾಲಿಗೆ ಹೇಳುತ್ತದೆ. ಕದಡಿದೆಯೋ ತಿಳಿಯಾಗಿದೆಯೋ ಎಂಬುದನ್ನು ಕಣ್ಣು ಹೇಳುತ್ತದೆ. ಆದರೆ ಅದರಲ್ಲಿ ಕರಗಿರುವ ಫ್ಲೋರೈಡ್, ನೈಟ್ರೇಟ್‌ಗಳು ಕಣ್ಣಿಗೆ ಕಾಣವು, ನಾಲಿಗೆಗೆ ನಿಲುಕವು, ಮೂಗಿಗೂ ಬಾರವು. ‘ನಮ್ಮೂರ ನೀರು ಅಮೃತದಂತಿದೆ, ಅದಕ್ಕೇಕೆ ಪರೀಕ್ಷೆ?’ ಎಂದು ಕೇಳುವ ಸದ್ಭಕ್ತರಿಗೆ ನಾವು ಹೇಳಬಯಸುವುದು ಇಷ್ಟೇ: ಅಮೃತವೆಂದು ತೋರುವ ನೀರನ್ನೇ ಮೊದಲು ಪರೀಕ್ಷಿಸಬೇಕು. ಉಪ್ಪು ನೀರನ್ನು ಯಾರೂ ಕುಡಿಯುವುದಿಲ್ಲ. ಸಿಹಿ ನೀರನ್ನು ಮನೆಮಂದಿಯೆಲ್ಲ ವರ್ಷಗಟ್ಟಲೆ ಕುಡಿಯುತ್ತಾರೆ.

ತ್ಯಾವಣಿಗೆಯ ಸುತ್ತಲಿನ ಭೂಮಿ ಭದ್ರಾ ನಾಲೆಯ ಕೃಪೆಯಿಂದ ಹಸಿರಾಗಿದೆ. ಭತ್ತದ ಗದ್ದೆ, ಅಡಿಕೆಯ ತೋಟ ಎಂದಮೇಲೆ ಗೊಬ್ಬರ ಬೇಕೇ ಬೇಕು. ಬೆಳೆಯು ಹೀರಿಕೊಳ್ಳದೆ ಉಳಿದ ಸಾರಜನಕವು ನೈಟ್ರೇಟ್ ಆಗಿ ನೀರಿನೊಡನೆ ಕೆಳಗಿಳಿಯುತ್ತದೆ. ತಿಪ್ಪೆ, ಕೊಟ್ಟಿಗೆ, ಶೌಚದ ಗುಂಡಿಗಳ ಮಗ್ಗುಲಲ್ಲಿರುವ ಬಾವಿ, ಕೊಳವೆಬಾವಿಗಳಿಗೂ ಇದೇ ಭಯ. ಭಾರತೀಯ ಮಾನಕದ ಪ್ರಕಾರ ಕುಡಿಯುವ ನೀರಿನ ಒಂದು ಲೀಟರಿನಲ್ಲಿ ನೈಟ್ರೇಟ್ 45 ಮಿಲಿಗ್ರಾಂ ಮೀರಬಾರದು. ಮೀರಿದರೆ ಮೊದಲು ಬಳಲುವುದು ಆರು ತಿಂಗಳೊಳಗಿನ ಹಸುಗೂಸು. ರಕ್ತವು ಪ್ರಾಣವಾಯುವನ್ನು ಹೊರುವ ಶಕ್ತಿಯನ್ನು ಕಳೆದುಕೊಂಡು ಮಗುವಿನ ತುಟಿ, ಉಗುರು ನೀಲಿಗಟ್ಟುತ್ತವೆ. ಬಾವಿಯ ನೀರಿಗೂ ಈ ಕಾಯಿಲೆಗೂ ಇರುವ ನಂಟನ್ನು 1945ರಲ್ಲಿ ಅಮೆರಿಕದ ಅಯೋವಾ ರಾಜ್ಯದ ವೈದ್ಯ ಹಂಟರ್ ಕಾಮ್ಲಿ ತೋರಿಸಿಕೊಟ್ಟರು. ಅವರು ಕಂಡದ್ದೂ ಹಳ್ಳಿಯ ಒಕ್ಕಲು ಮನೆಗಳ ಕೂಸುಗಳನ್ನೇ. ಎದೆಹಾಲನ್ನು ಮಾತ್ರ ಕುಡಿಯುವ ಮಗುವಿಗೆ ಈ ಭಯ ಬಹುಮಟ್ಟಿಗೆ ಇಲ್ಲ. ಪುಡಿ ಹಾಲನ್ನು ಕೊಳವೆಬಾವಿಯ ನೀರಿನಲ್ಲಿ ಕಲಸಿ ಕುಡಿಸುವ ಮನೆಯವರು ಎಚ್ಚರ ವಹಿಸಬೇಕು.

ಫ್ಲೋರೈಡಿನ ಕಥೆ ಬೇರೆ. ಅದು ನೆಲದಾಳದ ಕಲ್ಲಿನಿಂದಲೇ ಬರುತ್ತದೆ. ನಮ್ಮ ಜಿಲ್ಲೆಯ ಜಗಳೂರು ಸೀಮೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಭಾರತದಲ್ಲಿ ಈ ರೋಗವನ್ನು ಮೊದಲು ಗುರುತಿಸಿದ್ದು 1937ರಲ್ಲಿ, ಅಂದಿನ ಮದ್ರಾಸ್ ಪ್ರಾಂತದ ನೆಲ್ಲೂರು ಜಿಲ್ಲೆಯಲ್ಲಿ. ಲೀಟರಿಗೆ 1 ಮಿಲಿಗ್ರಾಂ ಒಳಗಿದ್ದರೆ ಒಳಿತು. ಬೇರೆ ಜಲಮೂಲ ಇಲ್ಲದಾಗ 1.5ರವರೆಗೆ ಸಹಿಸಬಹುದು. ಅದನ್ನು ಮೀರಿದ ನೀರನ್ನು ಎಂಟು ವರ್ಷದೊಳಗಿನ ಮಕ್ಕಳು ಕುಡಿದರೆ ಹುಟ್ಟಲಿರುವ ಹಲ್ಲುಗಳ ಮೇಲೆ ಸುಣ್ಣದ ಬಣ್ಣದ, ಕಂದು ಬಣ್ಣದ ಕಲೆಗಳು ಮೂಡುತ್ತವೆ. ಎಷ್ಟು ಉಜ್ಜಿದರೂ ಅವು ಹೋಗವು. ಇನ್ನೂ ಹೆಚ್ಚಿನ ಪ್ರಮಾಣವನ್ನು ಹಲವು ವರ್ಷ ಸೇವಿಸಿದವರಲ್ಲಿ ಕುತ್ತಿಗೆ, ಬೆನ್ನು, ಮೊಣಕಾಲು ಬಿಗಿಯುತ್ತವೆ. ಇದನ್ನು ವಾತವೆಂದೋ ವಯಸ್ಸೆಂದೋ ತಿಳಿದು ಎಣ್ಣೆ ತಿಕ್ಕಿಸಿಕೊಳ್ಳುತ್ತಿರುವ ಹಿರಿಯರು ಒಮ್ಮೆ ತಮ್ಮ ಮನೆಯ ನೀರಿನತ್ತಲೂ ನೋಡುವುದು ಲೇಸು.

ಕಾಯಿಸಿ ಆರಿಸಿ ಕುಡಿದರೆ ಎಲ್ಲವೂ ಸರಿಹೋಗುತ್ತದೆ ಎಂಬ ನಂಬಿಕೆ ನಮ್ಮಲ್ಲಿ ಬಲವಾಗಿದೆ. ಕುದಿಸಿದಾಗ ರೋಗಾಣುಗಳು ಸಾಯುತ್ತವೆ, ನಿಜ. ಆದರೆ ಆವಿಯಾಗಿ ಹೋಗುವುದು ನೀರು ಮಾತ್ರ. ಫ್ಲೋರೈಡ್, ನೈಟ್ರೇಟ್‌ಗಳು ಪಾತ್ರೆಯಲ್ಲೇ ಉಳಿದು ಇನ್ನಷ್ಟು ಸಾಂದ್ರವಾಗುತ್ತವೆ. ಬಟ್ಟೆಯಲ್ಲಿ ಸೋಸಿದರೂ, ಕ್ಲೋರಿನ್ ಬೆರೆಸಿದರೂ ಅವು ಕದಲುವುದಿಲ್ಲ. ಮನೆಬಾಗಿಲಿಗೆ ಬಂದು ಪೆನ್ನಿನಂಥ ಟಿಡಿಎಸ್ ಮಾಪಕವನ್ನು ಅದ್ದಿ ತೋರಿಸುವವರಿದ್ದಾರೆ. ಅದು ನೀರಿನಲ್ಲಿ ಕರಗಿದ ಲವಣಗಳ ಒಟ್ಟು ಅಂದಾಜನ್ನು ಹೇಳುತ್ತದೆಯೇ ಹೊರತು ಯಾವ ಲವಣ ಎಷ್ಟಿದೆ ಎಂಬುದನ್ನಲ್ಲ. ಇನ್ನು ಕೆಲವರು ಕಬ್ಬಿಣದ ಕಡ್ಡಿಗಳನ್ನು ಮುಳುಗಿಸಿ ವಿದ್ಯುತ್ ಹರಿಸಿ, ನಲ್ಲಿಯ ನೀರನ್ನು ಕಂದು ಬಣ್ಣಕ್ಕೆ ತಿರುಗಿಸಿ ಹೆದರಿಸುತ್ತಾರೆ. ಆ ಕಂದು ಬಣ್ಣ ಕಡ್ಡಿಯಿಂದಲೇ ಬಿಟ್ಟ ತುಕ್ಕು! ಯಂತ್ರ ಮಾರುವವನ ಪರೀಕ್ಷೆಯನ್ನು ನಂಬಿ ಹಣ ಕೊಡಬೇಡಿರಿ.

ನಿಜವಾದ ಪರೀಕ್ಷೆಗೆ ದಾರಿ ಹತ್ತಿರದಲ್ಲೇ ಇದೆ. 2019ರಲ್ಲಿ ಆರಂಭವಾದ ಜಲಜೀವನ್ ಯೋಜನೆಯಲ್ಲಿ, ಅಂದರೆ ನಮ್ಮ ರಾಜ್ಯದ ‘ಮನೆ ಮನೆಗೆ ಗಂಗೆ’ಯಲ್ಲಿ, ಪ್ರತಿ ಗ್ರಾಮದ ಐವರು ಮಹಿಳೆಯರಿಗೆ ನೀರು ಪರೀಕ್ಷಾ ಕಿಟ್ ಬಳಸುವ ತರಬೇತಿ ನೀಡಬೇಕೆಂದು ಗೊತ್ತುಪಡಿಸಲಾಗಿದೆ. ನೀರಿಗೆ ಹನಿ ದ್ರಾವಣ ಹಾಕಿ, ಮೂಡಿದ ಬಣ್ಣವನ್ನು ಪಟ್ಟಿಯೊಡನೆ ಹೋಲಿಸುವುದು ಅದರ ಕ್ರಮ. ಆದರೆ ಅದು ಅಂದಾಜು ಮಾತ್ರ. ಸಂಶಯ ಬಂದರೆ ಗ್ರಾಮೀಣ ಕುಡಿಯುವ ನೀರು ಮತ್ತು ನೈರ್ಮಲ್ಯ ಇಲಾಖೆಯ ಪ್ರಯೋಗಾಲಯಕ್ಕೆ ಮಾದರಿ ಕಳಿಸಬೇಕು. ಕೀಟನಾಶಕ, ಸೀಸ ಮುಂತಾದವುಗಳಿಗೆ ಕಿಟ್ ಸಾಲದು, ಪ್ರಯೋಗಾಲಯವೇ ಬೇಕು.

ಮಾದರಿ ತೆಗೆಯುವಾಗ ನಲ್ಲಿಯನ್ನು ಎರಡು ಮೂರು ನಿಮಿಷ ಹರಿಯಬಿಡಿರಿ. ಒಂದು ಲೀಟರಿನ ಶುಚಿಯಾದ ಪ್ಲಾಸ್ಟಿಕ್ ಸೀಸೆಯನ್ನು ಅದೇ ನೀರಿನಿಂದ ಮೂರು ಬಾರಿ ತೊಳೆದು ತುಂಬಿರಿ. ಊರು, ಜಲಮೂಲ, ದಿನಾಂಕ ಬರೆದು, ತಂಪಾಗಿಟ್ಟು ಅಂದೇ ತಲುಪಿಸಿರಿ. ಬೇಸಿಗೆಯ ಕೊನೆಗೊಮ್ಮೆ, ಮಳೆಗಾಲದ ನಂತರವೊಮ್ಮೆ ಮಾಡಿಸಿದರೆ ಉತ್ತಮ. ರೋಗಾಣು ಪರೀಕ್ಷೆ ಇದಕ್ಕಿಂತ ಬೇರೆ. ಅದಕ್ಕೆ ಪ್ರಯೋಗಾಲಯದವರೇ ಕೊಡುವ ಸೀಸೆ ಬೇಕು. 2023ರ ಆಗಸ್ಟ್‌ನಲ್ಲಿ ನೆರೆಯ ಚಿತ್ರದುರ್ಗದ ಕವಾಡಿಗರಹಟ್ಟಿಯಲ್ಲಿ ಕಲುಷಿತ ನೀರು ಕುಡಿದು ಜೀವಗಳು ಹೋದುದನ್ನು ಬಲ್ಲವರು ಈ ಎರಡನೆಯ ಪರೀಕ್ಷೆಯನ್ನೂ ಬಿಡಲಾರರು.

ಜಾತ್ರೆ, ಉತ್ಸವಗಳ ದಾಸೋಹಕ್ಕೆ ಯಾವುದೋ ತೋಟದ ಕೊಳವೆಬಾವಿಯಿಂದ ಟ್ಯಾಂಕರ್ ತುಂಬಿ ತರುವ ರೂಢಿಯಿದೆ. ಸಾವಿರ ಜನ ಉಣ್ಣುವ ಕಡೆ ಆ ಬಾವಿಯ ವರದಿಯನ್ನು ಸಮಿತಿಯವರು ಮೊದಲೇ ತರಿಸಿಟ್ಟುಕೊಳ್ಳಬೇಕು.

ವರದಿಯಲ್ಲಿ ದೋಷ ಕಂಡಿತೆಂದು ಕಂಗೆಡಬೇಕಿಲ್ಲ. ಕುಡಿಯಲು, ಅಡುಗೆಗೆ ಮಾತ್ರ ಬೇರೆ ನೀರು ಬೇಕು. ಮಾಡಿನ ಮಳೆನೀರನ್ನು ಶುಚಿಯಾಗಿ ಹಿಡಿದಿಟ್ಟರೂ ಆದೀತು, ಊರಿನ ಶುದ್ಧ ನೀರಿನ ಘಟಕದ್ದಾದರೂ ಆದೀತು. ಆದರೆ ಘಟಕದ ಪೊರೆಯನ್ನು ಕಾಲಕಾಲಕ್ಕೆ ಬದಲಿಸದಿದ್ದರೆ ಅದು ಹೆಸರಿಗಷ್ಟೇ ಶುದ್ಧ. ಅಲ್ಲಿನ ನೀರನ್ನೂ ಪರೀಕ್ಷೆಗೆ ಕಳಿಸಿರಿ. ಫ್ಲೋರೈಡ್, ನೈಟ್ರೇಟ್ ಹೆಚ್ಚಿರುವ ನೀರಿನಲ್ಲಿ ಸ್ನಾನ ಮಾಡಲು, ಬಟ್ಟೆ ಒಗೆಯಲು ಅಡ್ಡಿಯಿಲ್ಲ. ಅಂಥ ಬಾವಿಗೆ ಕೆಂಪು ಬಣ್ಣ ಬಳಿದು ‘ಕುಡಿಯಲು ಯೋಗ್ಯವಲ್ಲ’ ಎಂದು ಬರೆಸುವಂತೆ ಗ್ರಾಮಸಭೆಯಲ್ಲಿ ಪಂಚಾಯಿತಿಯವರನ್ನು ಕೇಳಿರಿ.