ಒಂದಕ್ಕೆ ಹನ್ನೆರಡು

ಮಕ್ಕಳೇ, ಮೊದಲು ಒಂದು ಲೆಕ್ಕ. ನಿಮ್ಮ ಶಾಲೆಯ ಜಗಲಿಗೆ ಮೂರು ಮೆಟ್ಟಿಲುಗಳಿವೆ ಅನ್ನಿ. ಒಂದೊಂದೂ 15 ಸೆಂಟಿಮೀಟರ್ ಎತ್ತರ. ಗಾಲಿಕುರ್ಚಿಯಲ್ಲಿ ಬರುವ ನಿಮ್ಮ ಸಹಪಾಠಿಗಾಗಿ ಪಕ್ಕದಲ್ಲೊಂದು ರ‍್ಯಾಂಪ್, ಅಂದರೆ ಇಳಿಜಾರು ದಾರಿ ಕಟ್ಟಬೇಕು. ಅದರ ಉದ್ದ ಎಷ್ಟಿರಬೇಕು? ತಾತಂದಿರು ಉತ್ತರ ಹೇಳಿಕೊಡಬಾರದು.

ಸೂತ್ರ ಸುಲಭ: ಒಂದಕ್ಕೆ ಹನ್ನೆರಡು. ಎತ್ತರ ಒಂದು ಅಡಿಯಾದರೆ ಉದ್ದ ಹನ್ನೆರಡು ಅಡಿ. ಇದಕ್ಕಿಂತ ಕಡಿದಾಗಿ ಕಟ್ಟಬೇಡಿ ಎನ್ನುತ್ತದೆ ಕೇಂದ್ರ ಸರ್ಕಾರದ ಮಾರ್ಗಸೂಚಿ. ಮೂರು ಮೆಟ್ಟಿಲು ಸೇರಿ 45 ಸೆಂಟಿಮೀಟರ್. ಹನ್ನೆರಡರಿಂದ ಗುಣಿಸಿದರೆ 540. ಹಳೆಯ ಅಳತೆಯಲ್ಲಿ ಸುಮಾರು 18 ಅಡಿ. ಜೊತೆಗೆ 1.2 ಮೀಟರ್ ಅಗಲ, ಎರಡೂ ಕಡೆ ಹಿಡಿದುಕೊಳ್ಳಲು ಕಂಬಿ, ಮೇಲೆ ತಲುಪಿದ ಮೇಲೆ ಕುರ್ಚಿ ತಿರುಗಿಸಲು ಒಂದೂವರೆ ಮೀಟರ್ ಚೌಕದ ಸಮತಟ್ಟಾದ ಜಾಗ.

ಈಗ ನಿಮ್ಮೂರಿನ ಯಾವುದಾದರೂ ಕಚೇರಿಯ ಮುಂದೆ ನಿಂತು ನೋಡಿ. ಮೂರು ಮೆಟ್ಟಿಲ ಪಕ್ಕದಲ್ಲಿ ಐದಡಿ ಉದ್ದದ ಒಂದು ಸಿಮೆಂಟಿನ ಗುಡ್ಡೆ ಇರುತ್ತದೆ. ಅದನ್ನು ಸ್ಕೂಟರ್ ಹತ್ತಿಸಲು ಕಟ್ಟಿದ್ದಾರೋ ಮನುಷ್ಯರಿಗಾಗಿ ಕಟ್ಟಿದ್ದಾರೋ ಹೇಳುವುದು ಕಷ್ಟ. ಹತ್ತುವವರ ತೋಳು ಸೋಲುತ್ತದೆ. ಇಳಿಯುವವರು ಮುಗ್ಗರಿಸಿ ಬೀಳುತ್ತಾರೆ. ಕೆಲವು ಕಡೆ ಅದರ ಬುಡದಲ್ಲೇ ಚರಂಡಿ, ತಲೆಯಲ್ಲಿ ಹೂಕುಂಡ.

ನನ್ನ ಜೊತೆ ಒಂದೇ ಶಾಖೆಯಲ್ಲಿ ಇಪ್ಪತ್ತು ವರ್ಷ ದುಡಿದ ಮಿತ್ರರೊಬ್ಬರು ಪಾರ್ಶ್ವವಾಯು ಬಡಿದ ಮೇಲೆ ಗಾಲಿಕುರ್ಚಿಯಲ್ಲಿದ್ದಾರೆ. ಒಂದು ಕಾಗದಕ್ಕೆ ಸಹಿ ಹಾಕಲು ಅಂಥದ್ದೇ ಒಂದು ಕಚೇರಿಗೆ ಹೋಗಬೇಕಾಯಿತು. ರ‍್ಯಾಂಪಿನ ಮೇಲೆ ಕುರ್ಚಿ ಹತ್ತಲೇ ಇಲ್ಲ. ಕೊನೆಗೆ ಅಲ್ಲಿದ್ದ ಇಬ್ಬರು ಹುಡುಗರು ಕುರ್ಚಿ ಸಮೇತ ಎತ್ತಿ ಒಳಗೆ ಇಳಿಸಿದರು. ಹುಡುಗರದು ಒಳ್ಳೆಯ ಮನಸ್ಸು, ಅದರಲ್ಲಿ ಎರಡು ಮಾತಿಲ್ಲ. ಆದರೆ ಮನೆಗೆ ಬಂದ ಮೇಲೆ ಮಿತ್ರರು ಕೇಳಿದ್ದು ಒಂದೇ ಮಾತು: "ನಾನೇನು ಅಕ್ಕಿ ಮೂಟೆಯೇನಯ್ಯಾ?" ಆಮೇಲೆ ಅವರು ಆ ಕಚೇರಿಗೆ ಹೋಗಿಲ್ಲ. ಅಲ್ಲಿ ಆಗಬೇಕಿದ್ದ ಇನ್ನೊಂದು ಕೆಲಸ ಹಾಗೆಯೇ ಉಳಿದಿದೆ.

ಇಂಥ ರ‍್ಯಾಂಪು ಕಟ್ಟಿದ್ದು ಯಾರ ತಪ್ಪು? ಗುತ್ತಿಗೆದಾರರನ್ನು ಕೇಳಿದರೆ, "ಎಸ್ಟಿಮೇಟಿನಲ್ಲಿ ಇದ್ದಷ್ಟು ಕಟ್ಟಿದ್ದೇವೆ" ಎನ್ನುತ್ತಾರೆ. ಕಚೇರಿಯವರನ್ನು ಕೇಳಿದರೆ, "ಕೆಲಸ ಗುತ್ತಿಗೆಗೆ ಕೊಟ್ಟಿದ್ದೆವು, ಅವರನ್ನೇ ಕೇಳಿ" ಎನ್ನುತ್ತಾರೆ. ಗುತ್ತಿಗೆದಾರರು ಗಾರೆ ಮೇಸ್ತ್ರಿಯ ಕಡೆ ಕೈ ತೋರಿಸುತ್ತಾರೆ. ಮೇಸ್ತ್ರಿಗೆ ಯಾರೂ ಹನ್ನೆರಡರ ಲೆಕ್ಕ ಹೇಳಿಕೊಟ್ಟಿರುವುದಿಲ್ಲ.

ಬ್ಯಾಂಕಿನ ಕೌಂಟರಿನ ಹಿಂದೆ ಕುಳಿತು ನಾನು ಬಹಳ ಗುತ್ತಿಗೆದಾರರನ್ನು ಕಂಡಿದ್ದೇನೆ. ಟೆಂಡರಿನ ಠೇವಣಿಗೆ ಡಿ.ಡಿ. ತೆಗೆಸಲು, ಬ್ಯಾಂಕ್ ಗ್ಯಾರಂಟಿ ಪಡೆಯಲು ಬರುತ್ತಿದ್ದರು. ಬಿಲ್ ಯಾವಾಗ ಪಾಸಾಗುತ್ತದೋ ಎಂಬ ಚಿಂತೆಯಲ್ಲೇ ಇರುತ್ತಿದ್ದರು. ಅವರನ್ನೆಲ್ಲ ಕಳ್ಳರೆಂದು ಬೈಯುವುದು ಸುಲಭ, ನ್ಯಾಯವಲ್ಲ. ಎಸ್ಟಿಮೇಟಿನಲ್ಲಿ ಐದಡಿಗೆ ಮಾತ್ರ ಹಣವಿದ್ದರೆ ಹದಿನೆಂಟಡಿ ಕಟ್ಟಿ ಎನ್ನುವುದು ಹೇಗೆ? ಆದರೆ "ಈ ಅಳತೆಯಲ್ಲಿ ಗಾಲಿಕುರ್ಚಿ ಹತ್ತುವುದಿಲ್ಲ, ನಕ್ಷೆ ತಿದ್ದಿಕೊಡಿ" ಎಂದು ಎಂಜಿನಿಯರಿಗೆ ಒಂದು ಪತ್ರ ಬರೆಯುವುದು ಅವರ ಕೈಯಲ್ಲೇ ಇದೆ. ಕಟ್ಟಡದ ಕೆಲಸ ಬಲ್ಲವರಿಗೆ ಇದು ತಿಳಿಯಲಿಲ್ಲ ಎಂದರೆ ನಾನು ಒಪ್ಪುವುದಿಲ್ಲ.

ಇನ್ನೊಂದು ಸ್ವಾರಸ್ಯ ಕೇಳಿ. ಸರ್ಕಾರಿ ಕೆಲಸದ ಬಿಲ್ ಪಾಸಾಗುವ ಮುನ್ನ ಎಂಜಿನಿಯರು ಅಳತೆ ಪುಸ್ತಕದಲ್ಲಿ ಬರೆಯಬೇಕು. ಕೆಲಸದವರು ಅದನ್ನು ಎಂ.ಬಿ. ಎನ್ನುತ್ತಾರೆ. ಅದರಲ್ಲಿ ಉದ್ದ, ಅಗಲ, ಎತ್ತರ ಎಂದು ಸಾಲುಸಾಲು ಕಾಲಂಗಳು. ಅಂದರೆ ರ‍್ಯಾಂಪಿನ ಉದ್ದವೂ ಎತ್ತರವೂ ಆ ಪುಟದಲ್ಲೇ ಕುಳಿತಿವೆ. ಉದ್ದವನ್ನು ಎತ್ತರದಿಂದ ಭಾಗಿಸಿ, ಹನ್ನೆರಡು ಬಂತೇ ಎಂದು ನೋಡಿದರೆ ಸಾಕಿತ್ತು. ಐದನೆಯ ತರಗತಿಯ ಹುಡುಗಿ ಮಾಡುವ ಲೆಕ್ಕ. ಶಾಲೆಗಳಿಂದ ಸರ್ಕಾರ ಪ್ರತಿವರ್ಷ ಪಡೆಯುವ ಮಾಹಿತಿಯಲ್ಲೂ ರ‍್ಯಾಂಪ್ ಇದೆಯೇ, ಕಂಬಿ ಇದೆಯೇ ಎಂಬ ಪ್ರಶ್ನೆಗಳಿವೆ. 'ಇದೆ' ಎಂದು ಬರೆದರೆ ಮುಗಿಯಿತು, ಹತ್ತಲು ಬರುತ್ತದೆಯೇ ಎಂಬುದು ಬೇರೆ ಮಾತು.

ಕಾನೂನು ಏನು ಹೇಳುತ್ತದೆ? ಅಂಗವಿಕಲರ ಹಕ್ಕುಗಳ ಕಾಯ್ದೆ 2016ರಲ್ಲಿ ಬಂತು, 2017ರ ಏಪ್ರಿಲ್‌ನಲ್ಲಿ ಜಾರಿಯಾಯಿತು. ಹಳೆಯ 1995ರ ಕಾಯ್ದೆಯಲ್ಲಿ ಏಳು ಬಗೆಯ ವೈಕಲ್ಯಗಳಿದ್ದವು, ಈಗ 21. ಅದರ 44ನೆಯ ಸೆಕ್ಷನ್ ನನಗೆ ಬಹಳ ಇಷ್ಟ. ನಿಯಮದಂತಿಲ್ಲದ ನಕ್ಷೆಗೆ ಕಟ್ಟಡದ ಪರವಾನಗಿ ಕೊಡುವಂತಿಲ್ಲ. ನಿಯಮದಂತೆ ಕಟ್ಟದಿದ್ದರೆ ಕಾಮಗಾರಿ ಪೂರ್ಣಗೊಂಡ ಪ್ರಮಾಣಪತ್ರವನ್ನೂ ಕೊಡುವಂತಿಲ್ಲ. ಸೇವೆ ಕೊಡುವವರು ಸರ್ಕಾರದವರಾಗಲಿ ಖಾಸಗಿಯವರಾಗಲಿ, ನಿಯಮ ಇಬ್ಬರಿಗೂ ಒಂದೇ ಎನ್ನುತ್ತದೆ 46ನೆಯ ಸೆಕ್ಷನ್. ಕಾಯ್ದೆ ಮೀರಿದರೆ ಮೊದಲ ಸಲ ಹತ್ತು ಸಾವಿರ ರೂಪಾಯಿವರೆಗೆ ದಂಡ, ಮತ್ತೆ ಮೀರಿದರೆ ಐವತ್ತು ಸಾವಿರದಿಂದ ಐದು ಲಕ್ಷದವರೆಗೆ.

ಇಷ್ಟೆಲ್ಲ ಇದ್ದೂ ಏಕೆ ನಡೆಯಲಿಲ್ಲ? ರಾಜೀವ್ ರತೂರಿ ಎಂಬ ದೃಷ್ಟಿಹೀನರು 2005ರಲ್ಲೇ ಸುಪ್ರೀಂ ಕೋರ್ಟಿನ ಬಾಗಿಲು ತಟ್ಟಿದ್ದರು. ಆ ಪ್ರಕರಣದಲ್ಲಿ 2024ರ ನವೆಂಬರ್ 8ರಂದು ಬಂದ ತೀರ್ಪು ಗಂಟು ಎಲ್ಲಿದೆ ಎಂದು ತೋರಿಸಿತು. ಕಾಯ್ದೆ 'ಮಾಡಲೇಬೇಕು' ಎನ್ನುತ್ತದೆ, ಅದರಡಿ ಮಾಡಿದ 15ನೆಯ ನಿಯಮ 'ಹೀಗೆ ಮಾಡಿದರೆ ಒಳ್ಳೆಯದು' ಎಂಬ ಧಾಟಿಯಲ್ಲಿದೆ. ಇದು ಸಲ್ಲದು ಎಂದ ನ್ಯಾಯಾಲಯ, ಕಡ್ಡಾಯ ನಿಯಮಗಳನ್ನು ಬೇರೆಯಾಗಿ ಬರೆಯಿರಿ ಎಂದು ಕೇಂದ್ರಕ್ಕೆ ಮೂರು ತಿಂಗಳ ಗಡುವು ಕೊಟ್ಟಿತು. ಹಾಗೆ ನಿಯಮ ಬಂದ ಮೇಲೆ ಪಾಲಿಸದವರ ಪ್ರಮಾಣಪತ್ರ ತಡೆಹಿಡಿಯಬೇಕು, ದಂಡ ಹಾಕಬೇಕು ಎಂದೂ ಹೇಳಿತು. ಪ್ರಮಾಣಪತ್ರ ಸಿಗದಿದ್ದರೆ ಬಿಲ್ಲಿಗೂ ಕುತ್ತು ಬರುತ್ತದೆ. ನನ್ನ ಅನುಭವದಲ್ಲಿ, ಹತ್ತು ಭಾಷಣ ಮಾಡದ ಕೆಲಸವನ್ನು ನಿಂತ ಒಂದು ಬಿಲ್ ಮಾಡಿಸುತ್ತದೆ.

ರ‍್ಯಾಂಪಿನ ಮಾತು ಸಾಕು. ಬೆಂಗಳೂರಿನ ಮೆಟ್ರೊ ನಿಲ್ದಾಣದ ನೆಲದಲ್ಲಿ ಉಬ್ಬುಗಳಿರುವ ಟೈಲ್ಸ್ ಸಾಲನ್ನು ನೀವು ನೋಡಿರಬಹುದು. ಅಲಂಕಾರಕ್ಕೆ ಹಾಕಿದ್ದಲ್ಲ, ಅದೊಂದು ಲಿಪಿ. ಉದ್ದುದ್ದ ಗೆರೆಗಳಿದ್ದರೆ 'ಹೀಗೇ ನಡೆ' ಎಂದರ್ಥ. ದುಂಡು ಚುಕ್ಕಿಗಳಿದ್ದರೆ 'ನಿಲ್ಲು, ಮುಂದೆ ಏನೋ ಇದೆ': ಮೆಟ್ಟಿಲೋ, ರಸ್ತೆಯೋ, ಹಳಿಯೋ. ಕಣ್ಣು ಕಾಣದವರು ಬಿಳಿ ಕೋಲಿನಿಂದ, ಅಂಗಾಲಿನಿಂದ ಅದನ್ನು ಓದುತ್ತಾರೆ. ಇದನ್ನು ಕಂಡುಹಿಡಿದವರು ಜಪಾನಿನ ಸೇಯಿಚಿ ಮಿಯಾಕೆ, 1965ರಲ್ಲಿ. ಮೊದಲು ಹಾಸಿದ್ದು ಒಕಾಯಾಮಾ ನಗರದ ಅಂಧರ ಶಾಲೆಯ ಹತ್ತಿರದ ರಸ್ತೆಯಲ್ಲಿ, 1967ರ ಮಾರ್ಚ್ 18ರಂದು. ಈಗ ಲೋಕದ ತುಂಬ ಇದೆ.

ಆದರೆ ಲಿಪಿ ಬಾರದವರು ಬರೆದರೆ ಏನಾದೀತು? ನಮ್ಮ ಬಡಾವಣೆಯ ಪಾದಚಾರಿ ಮಾರ್ಗದಲ್ಲಿ ಗೆರೆಯ ಟೈಲ್ಸ್ ನೇರವಾಗಿ ಹೋಗಿ ಒಂದು ವಿದ್ಯುತ್ ಕಂಬಕ್ಕೆ ಮುಗಿಯುತ್ತದೆ. ಇನ್ನೊಂದು ಕಡೆ ಗೆರೆ ಇರಬೇಕಾದಲ್ಲಿ ಚುಕ್ಕಿ, ಚುಕ್ಕಿ ಇರಬೇಕಾದಲ್ಲಿ ಗೆರೆ. ಹಾಸಿದವರಿಗೆ ಬಣ್ಣ ಒಂದೇ, ಬೆಲೆ ಒಂದೇ, ಯಾವುದಾದರೇನು? 'ನಿಲ್ಲು' ಎನ್ನಬೇಕಾದಲ್ಲಿ 'ನಡೆ' ಎಂದು ನೆಲದ ಮೇಲೆ ಬರೆದಿಟ್ಟಂತಾಯಿತು. ಟೈಲ್ಸ್ ಇಲ್ಲದಿದ್ದರೆ ಆ ಮನುಷ್ಯ ಕೋಲಿನಿಂದ ತಡವಿಕೊಂಡು ಎಚ್ಚರದಿಂದ ಹೋಗುತ್ತಿದ್ದ. ಇದನ್ನು ನಂಬಿ ನಡೆದರೆ ಹಣೆ ಒಡೆಯುತ್ತದೆ. ಕೆಲಸ ಶುರುವಾಗುವ ದಿನ ಟೈಲ್ಸ್ ಹಾಸುವವರಿಗೆ ಅರ್ಧ ಗಂಟೆ ಇದನ್ನು ವಿವರಿಸುವುದು ಗುತ್ತಿಗೆದಾರರ ಹೊಣೆ. ಖರ್ಚು ಒಂದು ಸುತ್ತು ಚಹಾದ್ದು.

ಗುತ್ತಿಗೆ ಎಂದರೆ ಸಿಮೆಂಟು, ಜಲ್ಲಿ ಮಾತ್ರವಲ್ಲ. ಬೆಂಗಳೂರಿನ ಎಷ್ಟೋ ವಿದ್ಯುತ್ ಬಸ್ಸುಗಳು ಖಾಸಗಿ ಕಂಪನಿಯವು. ಚಾಲಕರು ಕಂಪನಿಯವರು, ನಿರ್ವಾಹಕರು ಬಿಎಂಟಿಸಿಯವರು. ಬಾಗಿಲಲ್ಲಿ ಮಡಿಸಿಟ್ಟ ಹಲಗೆಯನ್ನು ಬಿಚ್ಚಿ ಗಾಲಿಕುರ್ಚಿ ಹತ್ತಿಸಬೇಕಾದಾಗ ಯಾರು ಎದ್ದು ಬರಬೇಕು? ನಿಲ್ದಾಣದಲ್ಲಿ ಕಾಯುವವರಿಗೆ ಕಾಣುವುದು ಒಂದೇ ಬಸ್ಸು. ಅವರು ಒಪ್ಪಂದದ ಕಾಗದ ಓದಿಕೊಂಡು ಕೂರಬೇಕೇ?

ನಮ್ಮ ಬ್ಯಾಂಕುಗಳಲ್ಲಿ ಈ ವಿಷಯ ಸ್ವಲ್ಪ ಸ್ಪಷ್ಟವಾಗಿದೆ. ಕೆಲಸವನ್ನು ಹೊರಗಿನವರಿಗೆ ವಹಿಸಿದರೂ ಗ್ರಾಹಕರ ಮುಂದೆ ಉತ್ತರ ಹೇಳಬೇಕಾದವರು ಬ್ಯಾಂಕಿನವರೇ ಎಂದು ರಿಸರ್ವ್ ಬ್ಯಾಂಕ್ 2006ರಲ್ಲೇ ಹೇಳಿದೆ. 2014ರ ಜುಲೈ 1ರಿಂದ ಹೊಸದಾಗಿ ಕೂರಿಸುವ ಎಲ್ಲ ಎಟಿಎಂಗಳೂ ಮಾತನಾಡಬೇಕು, ಕೀಲಿಗಳ ಮೇಲೆ ಬ್ರೈಲ್ ಇರಬೇಕು ಎಂದೂ ಆದೇಶಿಸಿದೆ. ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡರೆ ಯಂತ್ರ ಒಂದೊಂದೇ ಹಂತ ಹೇಳುತ್ತದೆ, ಪಕ್ಕದವರಿಗೆ ಕೇಳಿಸುವುದಿಲ್ಲ. ಅಂದಹಾಗೆ, ಎಪ್ಪತ್ತು ದಾಟಿದವರಿಗೆ ಮತ್ತು ಅಂಗವಿಕಲರಿಗೆ ಮನೆಬಾಗಿಲಲ್ಲೇ ಕೆಲವು ಸೇವೆ ಕೊಡಬೇಕೆಂಬ ಸೂಚನೆ 2017ರಿಂದಲೂ ಇದೆ. ನನ್ನ ವಾರಿಗೆಯವರು ಶಾಖೆಯಲ್ಲಿ ಕೇಳಿ ನೋಡಿ, ಸಂಕೋಚ ಬೇಡ.

ಈ ಭಾನುವಾರ ಮೊಮ್ಮಕ್ಕಳೂ ಅಜ್ಜ ಅಜ್ಜಿಯರೂ ಒಂದು ಟೇಪು ಹಿಡಿದು ಶಾಲೆಯದೋ ಗ್ರಾಮ ಪಂಚಾಯಿತಿಯದೋ ರ‍್ಯಾಂಪನ್ನು ಅಳೆಯಿರಿ. ಉದ್ದವನ್ನು ಎತ್ತರದಿಂದ ಭಾಗಿಸಿ. ಹನ್ನೆರಡಕ್ಕಿಂತ ಕಡಿಮೆ ಬಂದರೆ ಅಳತೆಯನ್ನೂ ತಾರೀಖನ್ನೂ ಬರೆದು ಮುಖ್ಯೋಪಾಧ್ಯಾಯರಿಗೋ ಪಂಚಾಯಿತಿಗೋ ಒಂದು ಅರ್ಜಿ ಕೊಡಿ. ಕೆಲಸ ಹೊಸದಾಗಿದ್ದರೆ ತಡಮಾಡಬೇಡಿ. ಗುತ್ತಿಗೆದಾರರ ಭದ್ರತಾ ಠೇವಣಿ ಸಾಮಾನ್ಯವಾಗಿ ಕೆಲಸ ಮುಗಿದ ಮೇಲೂ ಕೆಲಕಾಲ ಇಲಾಖೆಯ ಕೈಯಲ್ಲೇ ಇರುತ್ತದೆ. ಆ ಅವಧಿಯಲ್ಲಿ ದೋಷ ಕಂಡುಬಂದರೆ ಅವರೇ ಸರಿಪಡಿಸಬೇಕು. ಠೇವಣಿ ವಾಪಸಾದ ಮೇಲೆ ಕೇಳುವವರಿಲ್ಲ. ಅರ್ಜಿಗೆ ಎರಡು ಪ್ರತಿ ಮಾಡಿ, ಒಂದರ ಮೇಲೆ ಸ್ವೀಕೃತಿಯ ಮೊಹರು ಹಾಕಿಸಿ ಮನೆಯಲ್ಲಿ ಇಟ್ಟುಕೊಳ್ಳಿ.