ಫೈರ್‌ವಾಲ್ ಆರಂಭವಾಗದಿದ್ದಾಗ: ಹೆಚ್ಚುವರಿ ಪ್ಯಾಕೇಜಿನ ದೋಷವನ್ನು ಗುರುತಿಸಿ ಸರಿಪಡಿಸುವ ಕ್ರಮ

ಹಳೆಯ ಗಣಕಯಂತ್ರಕ್ಕೆ ಎರಡು ನೆಟ್‌ವರ್ಕ್ ಕಾರ್ಡುಗಳನ್ನು ಜೋಡಿಸಿ, ಪಿಎಫ್‌ಸೆನ್ಸ್ ಎಂಬ ಮುಕ್ತ ತಂತ್ರಾಂಶವನ್ನು ಅಳವಡಿಸಿ ಫೈರ್‌ವಾಲ್ ಆಗಿ ಬಳಸುವ ಪದ್ಧತಿ ಸಣ್ಣ ಕಚೇರಿಗಳಲ್ಲಿ ಉಂಟು. ಇಂತಹ ಯಂತ್ರ ಬೆಳಿಗ್ಗೆ ಬೂಟ್ ಆಗದೆ ನಿಂತರೆ ಇ-ಸ್ವತ್ತು ನಮೂನೆಗಾಗಿ ಬಂದ ಸಾರ್ವಜನಿಕರು ಕಾಯಬೇಕಾಗುತ್ತದೆ. ಆ ಒತ್ತಡದಲ್ಲಿ ಸಿಬ್ಬಂದಿ ಮೋಡೆಮ್‌ನ ಕೇಬಲನ್ನು ನೇರವಾಗಿ ಸ್ವಿಚ್‌ಗೆ ಜೋಡಿಸಲು, ಇಲ್ಲವೇ ಯಂತ್ರವನ್ನು ಮೂಲ ಸ್ಥಿತಿಗೆ ಮರಳಿಸಲು ಮುಂದಾಗುವುದು ಸಹಜ. ಮೊದಲನೆಯದರಿಂದ ಫೈರ್‌ವಾಲ್‌ನ ರಕ್ಷಣೆಯೇ ತಪ್ಪುತ್ತದೆ. ಎರಡನೆಯದರಿಂದ ವರ್ಷಗಳಿಂದ ಬರೆದಿಟ್ಟ ನಿಯಮಗಳು, ವಿಳಾಸ ಹಂಚಿಕೆ, ವಿಪಿಎನ್ ವಿವರ ಎಲ್ಲವೂ ಅಳಿಯುತ್ತವೆ. ದೋಷವು ಹೆಚ್ಚುವರಿ ಪ್ಯಾಕೇಜಿನದ್ದಾಗಿದ್ದರೆ ಇವೆರಡರ ಅಗತ್ಯವೂ ಸಾಮಾನ್ಯವಾಗಿ ಬೀಳುವುದಿಲ್ಲ.

ದೋಷ ಎಲ್ಲಿದೆ ಎಂಬುದನ್ನು ಪರದೆಯೇ ಹೇಳುತ್ತದೆ. ಆದುದರಿಂದ ಮೊದಲು ಮಾನಿಟರ್ ಜೋಡಿಸಬೇಕು. ಮಾನಿಟರ್ ಕಿಂಡಿಯಿಲ್ಲದ ಪುಟ್ಟ ಪೆಟ್ಟಿಗೆಯಾದರೆ ಸೀರಿಯಲ್ ಕೇಬಲ್ ಬಳಸಿ 115200 ವೇಗದಲ್ಲಿ ಸಂಪರ್ಕಿಸಬೇಕು. ಪಿಎಫ್‌ಸೆನ್ಸ್ ಮೊದಲು ತನ್ನ ಆಧಾರವಾದ ಫ್ರೀಬಿಎಸ್‌ಡಿಯ ಕರ್ನಲ್ ಅನ್ನು ಎಬ್ಬಿಸಿ, ಸಂರಚನಾ ಕಡತವನ್ನು ಓದಿ, ನೆಟ್‌ವರ್ಕ್ ಕಾರ್ಡುಗಳನ್ನೂ ಫೈರ್‌ವಾಲ್ ನಿಯಮಗಳನ್ನೂ ಸಿದ್ಧಪಡಿಸುತ್ತದೆ. ಪ್ಯಾಕೇಜುಗಳ ಸರದಿ ಬರುವುದು ಬಹುತೇಕ ಕೊನೆಯಲ್ಲಿ. ‘ಸ್ಟಾರ್ಟಿಂಗ್ ಪ್ಯಾಕೇಜ್’ ಎಂಬ ಸಾಲಿನ ಮುಂದೆ ಹೆಸರು ಕಾಣಿಸಿ, ‘ಡನ್’ ಎಂಬ ಪದ ಬಾರದೆ ಪರದೆ ಸ್ತಬ್ಧವಾಗಿದ್ದರೆ, ಆ ಹೆಸರಿನ ಪ್ಯಾಕೇಜನ್ನೇ ಮೊದಲು ಶಂಕಿಸಬೇಕು. ಆ ಸಾಲನ್ನು ಮೊಬೈಲಿನಲ್ಲಿ ಚಿತ್ರ ತೆಗೆದಿಟ್ಟುಕೊಳ್ಳದೆ ವಿದ್ಯುತ್ ಗುಂಡಿಯನ್ನು ಪದೇ ಪದೇ ಒತ್ತುವುದರಿಂದ ಡಿಸ್ಕಿಗೆ ಹಾನಿಯಾಗಬಹುದೇ ಹೊರತು ಪ್ರಯೋಜನವಿಲ್ಲ.

ಕಾರಣಗಳಲ್ಲಿ ಹೆಚ್ಚು ತೊಡಕಿನದು ಆವೃತ್ತಿಗಳ ಬೆರಕೆ. ಪಿಎಫ್‌ಸೆನ್ಸ್‌ನ ಹೊಸ ಆವೃತ್ತಿ ಬಂದಿರುವಾಗ ಮೂಲ ತಂತ್ರಾಂಶವನ್ನು ಹಳೆಯದಾಗಿಯೇ ಉಳಿಸಿ ಪ್ಯಾಕೇಜನ್ನು ಮಾತ್ರ ನವೀಕರಿಸಿದರೆ, ಅದು ತನ್ನೊಡನೆ ಹೊಸ ಲೈಬ್ರರಿಗಳನ್ನೂ ಎಳೆದು ತರಬಹುದು. ಪಿಎಫ್‌ಸೆನ್ಸ್‌ನ ಜಾಲಪುಟವಷ್ಟೇ ಅಲ್ಲ, ಬೂಟ್ ವಿಧಾನದ ಬಹುಭಾಗವೂ ಪಿಎಚ್‌ಪಿ ಭಾಷೆಯಲ್ಲಿದೆ. ಲೈಬ್ರರಿ ಹೊಂದದೆ ಪಿಎಚ್‌ಪಿ ಕೆಟ್ಟರೆ, ಕೆಟ್ಟದ್ದು ಒಂದು ಸಣ್ಣ ಪ್ಯಾಕೇಜಾದರೂ ನಿಲ್ಲುವುದು ಇಡೀ ಯಂತ್ರ. ಮೂಲ ತಂತ್ರಾಂಶವನ್ನು ಮೊದಲು, ಪ್ಯಾಕೇಜುಗಳನ್ನು ಅನಂತರ ನವೀಕರಿಸಬೇಕೆಂಬ ಕ್ರಮದ ಹಿಂದಿನ ಕಾರಣವಿದು. ಉಳಿದ ಕಾರಣಗಳು ಸರಳ: ಸ್ನಾರ್ಟ್, ಸುರಿಕಾಟಾಗಳಂತಹ ಅತಿಕ್ರಮಣ ಪತ್ತೆ ಪ್ಯಾಕೇಜುಗಳ ದಾಖಲೆಗಳಿಂದ ಡಿಸ್ಕ್ ತುಂಬಿರುವುದು, ಅಥವಾ ಪಿಎಫ್‌ಬ್ಲಾಕರ್‌ಎನ್‌ಜಿಗೆ ನೀಡಿದ ತಡೆಪಟ್ಟಿಗಳು ಹಳೆಯ ಯಂತ್ರದ ಮೆಮೊರಿಗೆ ಮೀರಿರುವುದು.

ಸ್ತಬ್ಧವಾದ ಪರದೆಯಲ್ಲಿ ಕಂಟ್ರೋಲ್ ಮತ್ತು ಸಿ ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಕೆಲವೊಮ್ಮೆ ಆ ಹಂತ ಕಡಿದು ಬೂಟ್ ಮುಂದುವರಿಯುತ್ತದೆ. ಹಾಗಾಗಿ ಮೆನು ಬಂದರೆ ಪ್ಯಾಕೇಜ್ ಮ್ಯಾನೇಜರ್ ಪುಟದಿಂದ ಶಂಕಿತ ಪ್ಯಾಕೇಜನ್ನು ತೆಗೆದುಹಾಕಬಹುದು. ತೊಂದರೆಯು ಪ್ಯಾಕೇಜಿನ ಇತ್ತೀಚಿನ ಸೆಟ್ಟಿಂಗ್ ಬದಲಾವಣೆಯಿಂದ ಉಂಟಾಗಿದ್ದರೆ ಮೆನುವಿನ 15ನೆಯ ಆಯ್ಕೆಯಿಂದ ಹಿಂದಿನ ಸಂರಚನೆಯನ್ನು ಮರಳಿ ತರಬಹುದು. 4ನೆಯ ಆಯ್ಕೆ ಮೂಲ ಸ್ಥಿತಿಗೆ ಮರಳಿಸುವಂಥದ್ದು. ಅದನ್ನು ಮುಟ್ಟದಿರುವುದು ಲೇಸು.

ಮೆನುವೇ ಬಾರದಿದ್ದರೆ, ಆರಂಭದ ಪರದೆಯಲ್ಲಿ 2ನೆಯ ಆಯ್ಕೆಯಾದ ಸಿಂಗಲ್ ಯೂಸರ್ ಸ್ಥಿತಿಗೆ ಹೋಗಬೇಕು. ಅಲ್ಲಿ ಡಿಸ್ಕ್ ಓದಲು ಮಾತ್ರ ತೆರೆದಿರುತ್ತದೆ. ಅದನ್ನು ಪರೀಕ್ಷಿಸಿ ಬರೆಯುವ ಸ್ಥಿತಿಗೆ ತಂದ ಮೇಲೆಯೇ ಪ್ಯಾಕೇಜನ್ನು ಅಳಿಸಲು ಸಾಧ್ಯ. ಅಳಿಸಲು ಪಿಕೆಜಿ-ಸ್ಟ್ಯಾಟಿಕ್ ಎಂಬ ಆದೇಶವನ್ನು ಬಳಸುವುದು ಸೂಕ್ತ. ಅದು ಹಂಚಿಕೆಯ ಲೈಬ್ರರಿಗಳನ್ನು ಅವಲಂಬಿಸದ ಕಾರಣ ಅವು ಕೆಟ್ಟಿದ್ದರೂ ನಡೆಯುತ್ತದೆ. ಈ ಹಂತವನ್ನು ತಾಂತ್ರಿಕ ಸಹಾಯಕರ ಸಮ್ಮುಖದಲ್ಲಿಯೇ ಕೈಗೊಳ್ಳುವುದು ಒಳಿತು.

ಇದಾವುದೂ ಫಲಿಸದೆ ತಂತ್ರಾಂಶವನ್ನು ಹೊಸದಾಗಿ ಅಳವಡಿಸಬೇಕಾದಾಗ ಒಂದು ಬಲೆ ಇದೆ. ಹಳೆಯ ಸಂರಚನಾ ಕಡತವನ್ನು ಮರಳಿ ಸೇರಿಸಿದೊಡನೆ, ಅದರಲ್ಲಿ ನಮೂದಾದ ಪ್ಯಾಕೇಜುಗಳೆಲ್ಲ ತಾವಾಗಿಯೇ ಮತ್ತೆ ಅಳವಡಿಕೆಗೊಳ್ಳುತ್ತವೆ. ದೋಷಕ್ಕೆ ಕಾರಣವಾದದ್ದೂ ಅವುಗಳೊಡನೆ ಹಿಂತಿರುಗುತ್ತದೆ. ಬ್ಯಾಕಪ್ ಪುಟದಲ್ಲಿ ಪ್ಯಾಕೇಜುಗಳ ವಿವರವನ್ನು ಬಿಟ್ಟು ಪ್ರತಿ ತೆಗೆಯುವ ‘ಸ್ಕಿಪ್ ಪ್ಯಾಕೇಜಸ್’ ಎಂಬ ಆಯ್ಕೆ ಇರುವುದು ಇದಕ್ಕೆ ಒದಗುತ್ತದೆ. ಯಂತ್ರ ಸುಸ್ಥಿತಿಯಲ್ಲಿರುವಾಗಲೇ ಪೂರ್ಣ ಪ್ರತಿಯೊಂದನ್ನೂ ಪ್ಯಾಕೇಜ್‌ರಹಿತ ಪ್ರತಿಯೊಂದನ್ನೂ ತೆಗೆದು ಬೇರೆಡೆ ಇರಿಸತಕ್ಕದ್ದು. ಈ ಕಡತಗಳಲ್ಲಿ ವಿಪಿಎನ್‌ನ ಗುಪ್ತ ಕೀಲಿಗಳೂ ಅಡಗಿರುವುದರಿಂದ, ಅದೇ ಪುಟದ ಎನ್‌ಕ್ರಿಪ್ಟ್ ಆಯ್ಕೆಯಿಂದ ಪಾಸ್‌ವರ್ಡ್ ಹಾಕಿ ಉಳಿಸಬೇಕು. ಆ ಪಾಸ್‌ವರ್ಡನ್ನು ಪೆನ್‌ಡ್ರೈವ್‌ನ ಮೇಲೆಯೇ ಚೀಟಿ ಅಂಟಿಸಿ ಬರೆದಿಡಬಾರದು.