ಡೆಕ್ಕಿನ ಕೆಳಗಿನ ಟ್ಯಾಂಕ್ ಭದ್ರವಾಗಿದೆಯೇ?

ಕರ್ನಾಟಕದ ಕರಾವಳಿಯಲ್ಲಿ ಪ್ರತಿ ವರ್ಷ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧ. ಹಳೆಯ ಬೋಟುಗಳನ್ನು ದುರಸ್ತಿ ಮಾಡುವ ಕಾಲವೂ ಇದೇ. ಹೊಸ ಬಣ್ಣ ಎಲ್ಲರ ಕಣ್ಣಿಗೂ ಬೀಳುತ್ತದೆ. ಡೆಕ್ಕಿನ ಕೆಳಗಿರುವ ಡೀಸೆಲ್ ಟ್ಯಾಂಕನ್ನು ಇಣುಕಿ ನೋಡುವವರು ಕಡಿಮೆ.

ಸಾವಿರ ಲೀಟರ್ ಡೀಸೆಲ್ ಎಂದರೆ ಸುಮಾರು 830 ಕಿಲೋ ಭಾರ. ತುಂಬಿದ ಕೊಡ ತುಳುಕುವುದಿಲ್ಲ ಎಂಬ ಗಾದೆ ಇಲ್ಲಿಯೂ ನಿಜ. ಅರ್ಧ ಖಾಲಿಯಾದ ಟ್ಯಾಂಕಿನಲ್ಲಿ ಡೀಸೆಲ್ ಅಲೆಯೊಡನೆ ಅತ್ತಿತ್ತ ಬಡಿಯುತ್ತದೆ. ಟ್ಯಾಂಕ್ ಅಲುಗಿ ಪೈಪಿನ ಜೋಡಣೆ ಸಡಿಲಗೊಂಡರೆ, ಸೋರಿದ ಡೀಸೆಲ್ ಬಿಸಿ ಇಂಜಿನ್‌ಗೆ ತಾಗಿ ಬೆಂಕಿ ಹೊತ್ತಿಕೊಳ್ಳಬಹುದು.

ಆದ್ದರಿಂದ ಟ್ಯಾಂಕಿನೊಳಗೆ ಅಡ್ಡ ತಗಡುಗಳಿರಲಿ. ಅದನ್ನು ಬೋಟಿನ ಗಟ್ಟಿ ತೊಲೆಗಳ ಮೇಲೆ ಕೂರಿಸಿ, ಲೋಹದ ಪಟ್ಟಿಗಳಿಂದ ಬಿಗಿಯಬೇಕು. ಪಟ್ಟಿಯ ಅಡಿಗೆ ರಬ್ಬರ್ ಇರಲಿ. ಗೋಣಿ, ಬಟ್ಟೆ ಬೇಡ. ಅವು ಉಪ್ಪುನೀರನ್ನು ಹೀರಿ ತುಕ್ಕು ಹಿಡಿಸುತ್ತವೆ. ತಳಕ್ಕೆ ಗಾಳಿಯಾಡಲಿ. ಟ್ಯಾಂಕಿಗೆ ವೆಲ್ಡಿಂಗ್ ಮಾಡುವ ಮುನ್ನ ಒಳಗಿನ ಆವಿಯನ್ನು ಪೂರ್ತಿ ಹೊರಹಾಕಲೇಬೇಕು. ಖಾಲಿ ಟ್ಯಾಂಕೂ ಸಿಡಿಯಬಲ್ಲದು.

ದುರಸ್ತಿಯ ಖರ್ಚಿಗೆ ಒಡವೆ ಅಡವಿಟ್ಟ ಸಹೋದರಿಯರು ನಮ್ಮಲ್ಲಿದ್ದಾರೆ. ಬೋಟ್ ನೀರಿಗಿಳಿಯುವ ಮುನ್ನ ಮನೆಯವರನ್ನು ಒಂದು ಮಾತು ಕೇಳಿ: "ಟ್ಯಾಂಕ್ ಅಲುಗುತ್ತದೆಯೇ, ಕೈಯಿಟ್ಟು ನೋಡಿದಿರಾ?"